ಇದನ್ನು ಕಟ್ಟಿದ್ದು ಹೇಗೆ? ಗೈಡ್ ಜೊತೆ ಕೆಲವು ದೊಡ್ಡ ಕಟ್ಟಡಗಳ ಒಳಗೆ

ದೊಡ್ಡ ಕಟ್ಟಡವೊಂದರ ಎದುರು ನಿಂತಾಗ ನನಗೆ ಮೊದಲು ಬರುವ ಪ್ರಶ್ನೆ ಒಂದೇ. ಇದನ್ನು ಕಟ್ಟಿದ್ದು ಹೇಗೆ? ಯಾವ ರಾಜ, ಯಾವ ಇಸವಿ ಎಂಬುದು ಬೋರ್ಡ್ ಮೇಲೆ ಸಿಗುತ್ತದೆ. ಕಲ್ಲು ಎಲ್ಲಿಂದ ಬಂತು, ಅದನ್ನು ಮೇಲಕ್ಕೆ ಹೇಗೆ ಏರಿಸಿದರು, ಕೆಲಸದವರು ಎಲ್ಲಿ ಮಲಗುತ್ತಿದ್ದರು, ಏನು ತಿನ್ನುತ್ತಿದ್ದರು? ಇದೆಲ್ಲ ಬೋರ್ಡಲ್ಲಿ ಇರುವುದಿಲ್ಲ. ಅದಕ್ಕೆ ಗೊತ್ತಿರುವವರು ಜೊತೆಗೆ ಬೇಕು. ಕೆಲವು ವರ್ಷಗಳಿಂದ ನಾನು ಮತ್ತು ಅಕ್ಕ ಹೊರದೇಶಕ್ಕೆ ಹೋದಾಗಲೆಲ್ಲ ಗೈಡ್ ಇರುವ ಟೂರ್ ತೆಗೆದುಕೊಳ್ಳುತ್ತೇವೆ. ಅಕ್ಕನಿಗೆ ಮೇಲೆ ಹತ್ತುವ ಹುಚ್ಚು, ನನಗೆ ಕೆಳಗೆ ಇಳಿದು ನೋಡುವ ಹುಚ್ಚು. ಹಾಗಾಗಿ ಒಂದು ಕಟ್ಟಡದ ಎರಡೂ ತುದಿ ನೋಡಿಯೇ ಬರುತ್ತೇವೆ.

ಬುಕ್ ಮಾಡುವ ಮೊದಲು ಐಟಿನರಿಯನ್ನು ಸಾಲು ಸಾಲಾಗಿ ಓದುತ್ತೇವೆ. ಅದರಲ್ಲಿ ಒಂದು ಜಾಗದ ಹೆಸರು ಇದೆ ಅಂದಮಾತ್ರಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ ಅಂತೇನಿಲ್ಲ. ‘ಫೋಟೋ ಸ್ಟಾಪ್’ ಅಂತ ಇದ್ದರೆ ಬಸ್ಸಿನಿಂದ ಇಳಿದು, ಸ್ವಲ್ಪ ಹೊತ್ತು ಫೋಟೋ ತೆಗೆದು, ಮತ್ತೆ ಬಸ್ ಹತ್ತಬೇಕು. ‘ಪನೋರಮಿಕ್ ಟೂರ್’ ಅಂತ ಇದ್ದರೆ ಎಷ್ಟೋ ಸಲ ಇಳಿಯುವುದೂ ಇಲ್ಲ, ಕಿಟಕಿಯಿಂದಲೇ ನೋಡಬೇಕು. ಒಳಗಿನ ಟಿಕೆಟ್ ಸೇರಿದೆಯಾ, ಆ ಊರಿನ ಲೈಸೆನ್ಸ್ ಇರುವ ಗೈಡ್ ಬರುತ್ತಾರಾ, ಗುಂಪಿನಲ್ಲಿ ಎಷ್ಟು ಜನ, ಈ ಮೂರನ್ನು ನಾವು ಮೇಲ್ ಕಳಿಸಿ ಉತ್ತರ ತರಿಸಿಕೊಳ್ಳುತ್ತೇವೆ. ಟೂರ್ ಮ್ಯಾನೇಜರ್ ಬೇರೆ, ಗೈಡ್ ಬೇರೆ ಎಂಬುದೂ ನೆನಪಿರಲಿ. ಮ್ಯಾನೇಜರ್ ಊಟ, ರೂಮು, ಬಸ್ಸು ನೋಡಿಕೊಳ್ಳುತ್ತಾರೆ. ಕಟ್ಟಡದ ಬಗ್ಗೆ ಅವರನ್ನು ಕೇಳಿದರೆ ಪಾಪ, ಅವರಿಗೂ ಗೊತ್ತಿರಬೇಕು ಅಂತಿಲ್ಲ.

ಒಂದು ಟೂರ್‌ನಲ್ಲಿ ಅಂಗಡಿಗಳಲ್ಲಿ ಕಳೆದ ಹೊತ್ತೇ ಜಾಸ್ತಿ ಆಗಿತ್ತು. ಸ್ಮಾರಕದ ಮುಂದೆ ಅವಸರ, ಅಂಗಡಿಯಲ್ಲಿ ಆರಾಮ. ಅದು ನಿಜಕ್ಕೂ ಬೇಜಾರಾದ ದಿನ. ಅಷ್ಟು ದೂರ ಹೋಗಿ, ಕಣ್ಣೆದುರು ಇರುವ ಕಲ್ಲನ್ನು ಬಿಟ್ಟು ಅತ್ತರಿನ ಸೀಸೆ ನೋಡುತ್ತಾ ಕೂರುವುದು ನನ್ನಿಂದ ಆಗುವುದಿಲ್ಲ. ಆಮೇಲೆ ‘ಶಾಪಿಂಗ್ ಸ್ಟಾಪ್ ಎಷ್ಟಿದೆ’ ಅನ್ನುವುದನ್ನೂ ನಮ್ಮ ಪ್ರಶ್ನೆಗಳಿಗೆ ಸೇರಿಸಿಕೊಂಡೆವು.

ರೋಮ್‌ನ ಕೊಲೋಸಿಯಂ ಎಂಬ ಹಳೆಯ ಅಖಾಡದಿಂದ ಶುರು ಮಾಡುತ್ತೇನೆ. ಅಲ್ಲಿ ಟಿಕೆಟ್‌ಗಳಲ್ಲಿ ಹಲವು ಬಗೆ. ಸಾಮಾನ್ಯ ಟಿಕೆಟ್‌ನಲ್ಲಿ ಮೊದಲ ಎರಡು ಹಂತದ ಮೊಗಸಾಲೆಗಳಲ್ಲಿ ಓಡಾಡಬಹುದು. ನೆಲದಡಿಯ ಭಾಗಕ್ಕೆ ಬೇರೆ ಟಿಕೆಟ್, ಅದು ಬಹಳ ಬೇಗ ಖಾಲಿಯಾಗುತ್ತದೆ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಗೇಟಿನಲ್ಲಿ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡುತ್ತಾರೆ. ನಾವು ಗೈಡ್ ಸಮೇತ ನೆಲದಡಿಯ ಟೂರನ್ನೇ ತೆಗೆದುಕೊಂಡೆವು. ಗುಂಪು ಸೇರುವ ಜಾಗದಲ್ಲಿ ಎಲ್ಲರಿಗೂ ಕುತ್ತಿಗೆಗೆ ಹಾಕಿಕೊಳ್ಳುವ ಒಂದು ಪುಟ್ಟ ರಿಸೀವರ್, ಒಂದು ಇಯರ್‌ಫೋನ್ ಕೊಟ್ಟರು. ಆಮೇಲೆ ಸೆಕ್ಯುರಿಟಿ ಚೆಕ್. ಅದು ಮುಗಿಯುವಷ್ಟರಲ್ಲಿ ಗುಂಪಿನವರ ಮುಖಗಳೆಲ್ಲ ಪರಿಚಯವಾಗಿದ್ದವು.

ಗೈಡ್ ಮೊದಲು ತೋರಿಸಿದ್ದು ಗೋಡೆಯ ತೂತುಗಳನ್ನು. ಹೊರಗೋಡೆಯ ತುಂಬ ಮುಷ್ಟಿ ಹಿಡಿಯುವಷ್ಟು ಗುಂಡಿಗಳಿವೆ. ನಾನು ಅದನ್ನು ಹಳೆಯದಾಗಿ ಸವೆದದ್ದು ಎಂದುಕೊಳ್ಳುತ್ತಿದ್ದೆನೇನೋ, ಅವರು ಹೇಳದಿದ್ದರೆ. ಟ್ರಾವರ್ಟೈನ್ ಎಂಬ ಬಗೆಯ ಸುಣ್ಣಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ, ಒಂದಕ್ಕೊಂದು ಕಬ್ಬಿಣದ ಕೊಂಡಿ ಹಾಕಿ ಬಿಗಿದಿದ್ದರು. ಒಟ್ಟು ಸುಮಾರು 300 ಟನ್ ಕಬ್ಬಿಣ ಬಳಸಿರಬಹುದು ಎಂಬ ಅಂದಾಜಿದೆ. ರೋಮ್‌ನ ಕಾಲ ಮುಗಿದು ಕಬ್ಬಿಣ ದುಬಾರಿಯಾದಾಗ ಜನ ಕಲ್ಲು ಕೊರೆದು ಆ ಕೊಂಡಿಗಳನ್ನು ಕಿತ್ತುಕೊಂಡು ಹೋದರು. ಆ ತೂತುಗಳೇ ಇವು. ಕೊಂಡಿ ಹೋದರೂ ಗೋಡೆ ನಿಂತಿದೆ, ತನ್ನ ಭಾರದ ಮೇಲೇ.

ಈ ಕಟ್ಟಡ ಶುರುವಾದದ್ದು ವೆಸ್ಪೇಸಿಯನ್ ಚಕ್ರವರ್ತಿಯ ಕಾಲದಲ್ಲಿ. ಕ್ರಿ.ಶ. 80ರಲ್ಲಿ ಮಗ ಟೈಟಸ್ ಉದ್ಘಾಟನೆ ಮಾಡಿದ. ಉದ್ದ 189 ಮೀಟರ್, ಅಗಲ 156 ಮೀಟರ್. ಇಷ್ಟು ದೊಡ್ಡದನ್ನು ಹತ್ತು ವರ್ಷದ ಆಸುಪಾಸಿನಲ್ಲಿ ಮುಗಿಸಿದ್ದಾರೆ. ಹೊರಗೆ ಒಂದೆಡೆ ಗೈಡ್ ನಮ್ಮನ್ನು ನಿಲ್ಲಿಸಿ ಕಮಾನುಗಳ ಮೇಲೆ ನೋಡಲು ಹೇಳಿದರು. ಅಲ್ಲಿ ರೋಮನ್ ಅಂಕಿಗಳನ್ನು ಕೆತ್ತಿದ್ದಾರೆ. ನೆಲಮಟ್ಟದಲ್ಲಿ 80 ಕಮಾನುಗಳಿದ್ದವು, 76ಕ್ಕೆ ನಂಬರ್ ಇತ್ತು. ಈಗ ಉಳಿದಿರುವ ಭಾಗದಲ್ಲಿ 23ರಿಂದ 54ರವರೆಗಿನ ನಂಬರ್ ಕಾಣುತ್ತವೆ. ಪ್ರೇಕ್ಷಕರು ತಮ್ಮ ನಂಬರಿನ ಬಾಗಿಲಲ್ಲೇ ಒಳಗೆ ಹೋಗಬೇಕಿತ್ತು. ಸಾವಿರಾರು ಜನ ನೂಕುನುಗ್ಗಲು ಇಲ್ಲದೆ ಒಳಗೆ ಹೋಗಿ ಹೊರಗೆ ಬರುವ ವ್ಯವಸ್ಥೆ ಅದು. ನಾವು ಬಂದದ್ದು ಎಷ್ಟು ಹೊತ್ತು ಕ್ಯೂ ನಿಂತು ಅಂತ ನೆನೆಸಿಕೊಂಡರೆ, ಅವರ ಯೋಜನೆಗೆ ನಿಜಕ್ಕೂ ಕೈ ಮುಗಿಯಬೇಕು ಅನಿಸಿತು.

ಕೆಳಗೆ ಇಳಿದ ಮೇಲೆ ಬೇರೆಯೇ ಲೋಕ. ಈ ನೆಲದಡಿಯ ಭಾಗವನ್ನು ಟೈಟಸ್‌ನ ತಮ್ಮ ಡೊಮಿಷಿಯನ್ ಆಮೇಲೆ ಸೇರಿಸಿದ. ಇಟ್ಟಿಗೆಯ ಇಕ್ಕಟ್ಟಾದ ಓಣಿಗಳು, ಗೋಡೆಗಳಲ್ಲಿ ನೇರವಾಗಿ ಕೊರೆದ ತೋಡುಗಳು, ನೆಲದಲ್ಲಿ ದುಂಡನೆಯ ಕುಳಿಗಳು. ಆ ಕುಳಿಗಳಲ್ಲಿ ಮರದ ಕಂಬ ನಿಲ್ಲಿಸಿ, ಅಡ್ಡ ತೋಳು ಹಿಡಿದು ಆಳುಗಳು ಸುತ್ತು ಹಾಕುತ್ತಿದ್ದರು. ಹಗ್ಗ ಸುತ್ತಿಕೊಂಡಂತೆ ಮೇಲೆ ಹೋಗುತ್ತಿದ್ದದ್ದು ಪಂಜರ, ಅದರೊಳಗೆ ಪ್ರಾಣಿ. ಅಂಥ ಒಂದು ಲಿಫ್ಟನ್ನು ಈಗ ಮರದಲ್ಲಿ ಮತ್ತೆ ಮಾಡಿ ಅಲ್ಲೇ ನಿಲ್ಲಿಸಿದ್ದಾರೆ. ಮೇಲಿನ ಅಖಾಡದಲ್ಲಿ ಸತ್ತವರ ಕಥೆ ಎಲ್ಲರೂ ಹೇಳುತ್ತಾರೆ. ದೀಪದ ಹೊಗೆ, ಪ್ರಾಣಿಗಳ ವಾಸನೆಯ ನಡುವೆ ಈ ಕತ್ತಲಲ್ಲಿ ಕಂಬ ತಳ್ಳಿದವರ ಬಗ್ಗೆ ನಮ್ಮ ಗೈಡ್ ತುಂಬ ಹೊತ್ತು ಮಾತಾಡಿದರು. ಆ ಒಂದು ಕಾರಣಕ್ಕೆ ಅವರು ನನಗೆ ಇವತ್ತಿಗೂ ಇಷ್ಟ.

ಗೈಡ್ ಜೊತೆ ನಡೆಯುವುದಕ್ಕೂ ಒಂದು ರೂಢಿ ಬೇಕು. ಇಯರ್‌ಫೋನ್ ಇದೆ ಅಂತ ಹಿಂದೆ ಉಳಿದರೆ ಮಾತು ಕೇಳುತ್ತದೆ, ಆದರೆ ಅವರು ಬೆರಳಿಟ್ಟು ತೋರಿಸುವುದು ಕಾಣುವುದಿಲ್ಲ. ನಾವು ಯಾವಾಗಲೂ ಮುಂದಿನ ಸಾಲು. ಎಲ್ಲರಿಗೂ ಹೇಳುತ್ತಿರುವಾಗ ನಡುವೆ ಬಾಯಿ ಹಾಕುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವಾಗ ಪಕ್ಕದಲ್ಲಿ ಹೋಗಿ ಕೇಳಿದರೆ ಬಹಳಷ್ಟು ಗೈಡ್‌ಗಳಿಗೆ ಖುಷಿಯಾಗುತ್ತದೆ. ದಿನಾ ಅದೇ ಮಾತು ಹೇಳುವವರಿಗೆ ಹೊಸ ಪ್ರಶ್ನೆ ಸಿಕ್ಕರೆ ದನಿಯೇ ಬದಲಾಗುತ್ತದೆ.

ಈಜಿಪ್ಟಿನ ಗೀಜಾದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಖುಫು ದೊರೆಯ ಮಹಾ ಪಿರಮಿಡ್ ಮೊದಲು 146 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರವಿತ್ತು, ಈಗ ಸುಮಾರು 138. ಸುಮಾರು 23 ಲಕ್ಷ ಕಲ್ಲುಗಳು. ಪ್ರತಿ ಬದಿಯೂ ಸುಮಾರು 230 ಮೀಟರ್, ನಾಲ್ಕು ಬದಿಗಳ ನಡುವೆ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಈ ಅಂಕಿಗಳನ್ನೆಲ್ಲ ಗೈಡ್ ಬಸ್ಸಿನಲ್ಲೇ ಹೇಳಿದ್ದರು. ಇಳಿದ ಮೇಲೆ ನಾನು ಕೇಳಿದೆ, ‘ಸಾರ್, ಕೆಲಸ ಮಾಡಿದವರ ಬಗ್ಗೆ ಏನು ಗೊತ್ತಿದೆ?’ ಅವರು ನಗುತ್ತಾ ನನ್ನನ್ನು ಪಿರಮಿಡ್ಡಿಗೆ ಬೆನ್ನು ಹಾಕಿ ನಿಲ್ಲಿಸಿ, ದಕ್ಷಿಣದ ಕಡೆಗೆ ಕೈ ತೋರಿಸಿದರು.

ಅಲ್ಲಿ ಕೆಲಸಗಾರರ ಊರೇ ಸಿಕ್ಕಿದೆ. ಬ್ರೆಡ್ ಸುಡುವ ಜಾಗ, ಮಲಗುವ ಉದ್ದನೆಯ ಕೋಣೆಗಳು, ತಿಂದು ಎಸೆದ ದನ, ಕುರಿ, ಮೇಕೆಗಳ ಮೂಳೆಗಳು. 1990ರಲ್ಲಿ ಒಂದು ಕುದುರೆ ಮರಳಲ್ಲಿ ಹುದುಗಿದ್ದ ಗೋಡೆಗೆ ಎಡವಿದ್ದರಿಂದ ಅವರ ಸಮಾಧಿಗಳು ಬೆಳಕಿಗೆ ಬಂದವು. ಕೆಲವು ಅಸ್ಥಿಪಂಜರಗಳಲ್ಲಿ ಮುರಿದು, ಸರಿಯಾಗಿ ಕೂಡಿಕೊಂಡ ಮೂಳೆಗಳಿವೆ. ಅಂದರೆ ಪೆಟ್ಟಾದವರಿಗೆ ಚಿಕಿತ್ಸೆ ಸಿಗುತ್ತಿತ್ತು. ದೊರೆಯ ಪಿರಮಿಡ್ ಕಾಣುವಷ್ಟು ಹತ್ತಿರದಲ್ಲಿ ಅವರನ್ನು ಮಣ್ಣು ಮಾಡಿದ್ದಾರೆ. ಚಾಟಿ ಏಟು ತಿನ್ನುತ್ತಾ ಕಲ್ಲೆಳೆಯುವ ಗುಲಾಮರ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ ಅಲ್ವಾ? ನೆಲದಲ್ಲಿ ಸಿಕ್ಕಿದ ಸಾಕ್ಷಿ ಬೇರೆ ಹೇಳುತ್ತದೆ.

ಅವರು ಹೇಳಿದ ಇನ್ನೊಂದು ವಿಷಯ ನನಗೆ ಇನ್ನೂ ದೊಡ್ಡದು. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ 2013ರಲ್ಲಿ ಪಿಯರ್ ತಲ್ಲೆ ಎಂಬ ಫ್ರೆಂಚ್ ಸಂಶೋಧಕರ ತಂಡಕ್ಕೆ ಪಪೈರಸ್ ಹಾಳೆಗಳು, ಅಂದರೆ ಜೊಂಡಿನಿಂದ ಮಾಡಿದ ಹಾಳೆಗಳು ಸಿಕ್ಕವು. ಬರಹವಿರುವ ಪಪೈರಸ್‌ಗಳಲ್ಲಿ ಇಲ್ಲಿಯವರೆಗೆ ಸಿಕ್ಕಿರುವ ಅತಿ ಹಳೆಯವು ಅವೇ. ಅದರಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ ಇದೆ. ಅವನ ತಂಡ ತುರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ತುಂಬಿ, ನೈಲ್ ನದಿ ಮತ್ತು ಕಾಲುವೆ ದಾಟಿ ಗೀಜಾಕ್ಕೆ ತಂದು ಇಳಿಸುತ್ತಿತ್ತು. ಇಂದು ಕಲ್ಲು ತುಂಬಿದೆವು, ರಾತ್ರಿ ಇಲ್ಲಿ ತಂಗಿದೆವು, ಮರುದಿನ ಹೊರಟೆವು. ಇವತ್ತಿನ ಲಾರಿ ಡ್ರೈವರ್‌ಗಳ ಟ್ರಿಪ್ ಶೀಟ್ ಇದ್ದ ಹಾಗೆ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಒಬ್ಬ ಕೆಲಸದವನ ಹೆಸರು, ಅವನ ದಿನದ ಕೆಲಸ! ಪಿರಮಿಡ್ಡಿನ ಕಡೆ ತಿರುಗಿದಾಗ ಅದು ನನಗೆ ಬೇರೆಯಾಗಿ ಕಂಡಿತು. ಅವನು ತಂದ ಬಿಳಿ ಹೊದಿಕೆಕಲ್ಲು ಹೆಚ್ಚುಕಡಿಮೆ ಎಲ್ಲ ಹೋಗಿದೆ, ಬಹಳಷ್ಟನ್ನು ಆಮೇಲೆ ಕೈರೋದ ಕಟ್ಟಡಗಳಿಗೆ ಒಯ್ದರು. ಬುಡದಲ್ಲಿ ಸ್ವಲ್ಪ ಉಳಿದಿದೆ. ನಾವು ಅಲ್ಲಿಗೇ ಹೋಗಿ ನೋಡಿದೆವು.

ಒಳಗೆ ಹೋಗುವುದಕ್ಕೆ ಮತ್ತೊಂದು ಟಿಕೆಟ್. ನಮ್ಮ ಗೈಡ್ ಒಳಗೆ ಬರಲಿಲ್ಲ. ಎಲ್ಲಿ ಏನು ನೋಡಬೇಕು ಅಂತ ಹೊರಗೇ ಹೇಳಿ ಕಳಿಸಿದರು. ಹಿಂದೆ ಕೊರೆದ ಸುರಂಗದಿಂದ ಒಳಗೆ ಹೋಗಿ, ಏರುದಾರಿಯಲ್ಲಿ ಬಗ್ಗಿಕೊಂಡೇ ಹತ್ತಬೇಕು. ಅದರ ಎತ್ತರ ಸುಮಾರು 1.2 ಮೀಟರ್. ಬಾಯಿ ಹತ್ತಿರ ನಿಂತು ಅಕ್ಕ, ‘ನನಗೆ ಉಸಿರು ಕಟ್ಟುತ್ತೆ ಕಣೆ, ನೀನು ಹೋಗಿ ಬಾ’ ಅಂದಳು. ‘ಮೇಲೆ ಹತ್ತೋದೇ ಅಲ್ವೇನೇ ಅಕ್ಕ, ಬಾ’ ಅಂದೆ. ಬಂದಳು. ಮೊಣಕಾಲು, ಸೊಂಟ ಎರಡೂ ಮಾತಾಡಲು ಶುರು ಮಾಡುವ ಹೊತ್ತಿಗೆ ದಾರಿ ತಟ್ಟನೆ ತೆರೆದುಕೊಂಡು 8 ಮೀಟರಿಗೂ ಎತ್ತರದ ದೊಡ್ಡ ಮೊಗಸಾಲೆ ಸಿಗುತ್ತದೆ. ಎರಡೂ ಗೋಡೆಗಳು ಒಂದೊಂದು ವರಸೆಗೆ ಸ್ವಲ್ಪ ಸ್ವಲ್ಪ ಒಳಗೆ ಚಾಚಿ ಮೇಲೆ ಹತ್ತಿರವಾಗುತ್ತವೆ. ಅದರ ತುದಿಯಲ್ಲಿ ಅಸ್ವಾನ್‌ನಿಂದ ತಂದ ಗ್ರಾನೈಟಿನ ಕೋಣೆ. ಅಲ್ಲಿರುವ ಕಲ್ಲಿನ ಶವಪೆಟ್ಟಿಗೆ ನಾವು ಬಂದ ಏರುದಾರಿಗಿಂತ ಅಗಲ. ಅಂದರೆ ಕೋಣೆಗೆ ಚಾವಣಿ ಹಾಕುವ ಮೊದಲೇ ಅದನ್ನು ಅಲ್ಲಿಟ್ಟು, ಆಮೇಲೆ ಸುತ್ತ ಕಟ್ಟಿದ್ದಾರೆ. ಇದನ್ನು ಗೈಡ್ ಮೊದಲೇ ಹೇಳಿರದಿದ್ದರೆ ನಮಗೆ ಅದು ಬರೀ ಖಾಲಿ ಪೆಟ್ಟಿಗೆ ಆಗಿರುತ್ತಿತ್ತು.

ಜೋರ್ಡಾನ್‌ನ ಪೆಟ್ರಾ ಮತ್ತು ಕಾಂಬೋಡಿಯಾದ ಅಂಕೋರ್ ವಾಟ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಎರಡರಲ್ಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. ಪೆಟ್ರಾದಲ್ಲಿ ಸಿಕ್ ಎಂಬ 1.2 ಕಿಲೋಮೀಟರ್ ಉದ್ದದ ಕಿರಿದಾದ ಕಣಿವೆಯಲ್ಲಿ ನಡೆಯುವಾಗ ಎಲ್ಲರೂ ಬಂಡೆಯಲ್ಲೇ ಕೆತ್ತಿದ ‘ಖಜಾನೆ’ ಎಂಬ ಕಟ್ಟಡ ಯಾವಾಗ ಕಾಣುತ್ತೆ ಅಂತ ಮುಂದೆ ನೋಡುತ್ತಿದ್ದರು. ಗೈಡ್ ನಮಗೆ ಪಕ್ಕದ ಬಂಡೆ ನೋಡಿಸಿದರು. ಸೊಂಟದ ಎತ್ತರದಲ್ಲಿ ಕಾಲುವೆ ಕೊರೆದಿದ್ದಾರೆ, ಕೆಲವೆಡೆ ಸುಟ್ಟ ಮಣ್ಣಿನ ಕೊಳವೆಗಳು ಇನ್ನೂ ಇವೆ. ಮರುಭೂಮಿಯ ನಡುವೆ ನಬಾಟಿಯನ್ನರೆಂಬ ಜನ ಊರು ಕಟ್ಟಿ ಬಾಳಿದ್ದು ಈ ಕಾಲುವೆಗಳಿಂದ. ಖಜಾನೆಯ ಸುಮಾರು 40 ಮೀಟರ್ ಎತ್ತರದ ಮುಖವನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬಂದರಂತೆ. ಹೇಗೆ ಗೊತ್ತು ಅಂತ ಕೇಳಿದ್ದಕ್ಕೆ, ಮುಂದೆ ಅರ್ಧಕ್ಕೆ ನಿಂತ ಒಂದು ಸಮಾಧಿ ತೋರಿಸಿದರು. ಮೇಲ್ಭಾಗ ಮುಗಿದಿದೆ, ಕೆಳಗೆ ಹಸಿ ಬಂಡೆ ಹಾಗೇ ಇದೆ. ಮುಗಿದ ಕಟ್ಟಡಕ್ಕಿಂತ ಮುಗಿಯದ್ದರಲ್ಲೇ ಕೆಲಸದ ಬಗೆ ಚೆನ್ನಾಗಿ ಕಾಣುತ್ತದೆ.

ಅಂಕೋರ್ ವಾಟ್ 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನ್ ಕಟ್ಟಿಸಿದ ವಿಷ್ಣು ದೇಗುಲ. ಮೊಗಸಾಲೆಯಲ್ಲಿ ಸಮುದ್ರಮಥನದ ಕೆತ್ತನೆ 49 ಮೀಟರ್ ಉದ್ದಕ್ಕೆ ಹರಡಿದೆ. ಕುರುಕ್ಷೇತ್ರದ ಯುದ್ಧವೂ ಇದೆ. ಭೀಷ್ಮರು ಶರಶಯ್ಯೆಯಲ್ಲಿ ಮಲಗಿರುವುದನ್ನು ಅಕ್ಕ ಗೈಡ್‌ಗಿಂತ ಮೊದಲೇ ಗುರುತು ಹಿಡಿದಳು. ಆದರೆ ಗೈಡ್ ಹೇಳಿದ ಎರಡು ಸಂಗತಿ ನಮಗೆ ಹೊಸದು. ಕಲ್ಲುಗಳಲ್ಲಿ ಅಲ್ಲಲ್ಲಿ ಕಾಣುವ ದುಂಡು ತೂತುಗಳು ಎತ್ತಿ ಸಾಗಿಸಲು ಗೂಟ ಹಾಕುತ್ತಿದ್ದ ಜಾಗ. ಮತ್ತೆ, ಸುತ್ತಲಿನ ಸುಮಾರು 190 ಮೀಟರ್ ಅಗಲದ ಕಂದಕ ನೋಟಕ್ಕೆ ಮಾತ್ರ ಅಲ್ಲ. ಈ ಭಾರವೆಲ್ಲ ಮರಳು ನೆಲದ ಮೇಲಿದೆ. ನೆಲದೊಳಗಿನ ನೀರಿನ ಮಟ್ಟ ಇಳಿಯದಿದ್ದರೆ ಮರಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಮಟ್ಟ ಕಾಯಲು ಕಂದಕ ಬೇಕು. ಮೇಲಿನ ಬಕಾನ್ ಹಂತಕ್ಕೆ ಹತ್ತುವವರು ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಮೆಟ್ಟಿಲ ಬುಡದಿಂದಲೇ ವಾಪಸ್.

ಪ್ಯಾರಿಸ್‌ನ ಐಫೆಲ್ ಟವರ್‌ಗೆ ಹೆಚ್ಚಿನವರು ಲಿಫ್ಟಲ್ಲಿ ಹೋಗುತ್ತಾರೆ. ಕಾಲು ಗಟ್ಟಿ ಇದ್ದರೆ ದಯವಿಟ್ಟು ಮೆಟ್ಟಿಲ ಟೂರ್ ತೆಗೆದುಕೊಳ್ಳಿ. ಎರಡನೇ ಅಂತಸ್ತಿಗೆ 674 ಮೆಟ್ಟಿಲು. ಲಿಫ್ಟಿನಲ್ಲಿ ಊರು ಕಾಣುತ್ತದೆ, ಮೆಟ್ಟಿಲಲ್ಲಿ ಕಬ್ಬಿಣ ಕಾಣುತ್ತದೆ. ಪ್ರತಿ ತಿರುವಿನಲ್ಲೂ ಮೂಗಿನ ಮುಂದೆ ರಿವೆಟ್‌ಗಳು, ಅಂದರೆ ಕಬ್ಬಿಣದ ತುಂಡುಗಳನ್ನು ಜೋಡಿಸುವ ದಪ್ಪ ಮೊಳೆಗಳು. ಒಟ್ಟು 25 ಲಕ್ಷ ರಿವೆಟ್, 18,038 ಕಬ್ಬಿಣದ ತುಂಡುಗಳು. ಒಂದು ರಿವೆಟ್ ಕೂರಿಸಲು ನಾಲ್ಕು ಜನ ಬೇಕಿತ್ತು ಅಂತ ಗೈಡ್ ಕೈಸನ್ನೆ ಮಾಡಿ ತೋರಿಸಿದರು. ಒಬ್ಬ ಕಾಯಿಸಬೇಕು, ಒಬ್ಬ ಹಿಡಿದಿರಬೇಕು, ಒಬ್ಬ ತಲೆ ರೂಪಿಸಬೇಕು, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯಬೇಕು. ತಣ್ಣಗಾಗುವಾಗ ರಿವೆಟ್ ಕುಗ್ಗಿ ಎರಡು ತುಂಡನ್ನೂ ಬಿಗಿಯಾಗಿ ಹಿಡಿಯುತ್ತದೆ. ಹೀಗೆ 1887ರ ಜನವರಿಯಿಂದ 1889ರ ಮಾರ್ಚ್‌ವರೆಗೆ, ಎರಡು ವರ್ಷ ಎರಡು ತಿಂಗಳು ಐದು ದಿನದಲ್ಲಿ ಮುಗಿಸಿದರು.

ಇದು ಗುಸ್ತಾವ್ ಐಫೆಲ್ ಒಬ್ಬರ ಕೆಲಸವಲ್ಲ ಎಂಬುದನ್ನೂ ಒಳ್ಳೆಯ ಗೈಡ್ ಹೇಳುತ್ತಾರೆ. ಮೊದಲ ನಕ್ಷೆ ಅವರ ಕಂಪನಿಯ ಎಂಜಿನಿಯರ್‌ಗಳಾದ ಮೋರಿಸ್ ಕೋಶ್ಲೇನ್ ಮತ್ತು ಎಮಿಲ್ ನೂಗಿಯೇ ಅವರದ್ದು, ಚಂದ ಮಾಡಿದ್ದು ವಾಸ್ತುಶಿಲ್ಪಿ ಸ್ಟೀಫನ್ ಸೋವೆಸ್ತ್ರ್. ಮೊದಲ ಅಂತಸ್ತಿನ ಹೊರಗೆ 72 ವಿಜ್ಞಾನಿ, ಎಂಜಿನಿಯರ್‌ಗಳ ಹೆಸರು ಬರೆಸಿದ್ದಾರೆ. ಲವಾಸಿಯೇ, ಆಂಪಿಯರ್, ಕೂಲಂಬ್, ಫೂರಿಯೇ, ಓದಿದ ಹೆಸರುಗಳೇ. ಐಫೆಲ್ ಬರೆಸಿದ ಆ 72ರಲ್ಲಿ ಒಬ್ಬ ಹೆಂಗಸೂ ಇಲ್ಲ. ಲೋಹ ಎಷ್ಟು ಬಾಗುತ್ತದೆ ಅನ್ನುವ ಗಣಿತಕ್ಕೆ ದುಡಿದ ಸೋಫಿ ಜರ್ಮೇನ್ ಅವರ ಹೆಸರು ಅಲ್ಲಿ ಇರಬೇಕಿತ್ತು. ಇದು ನನಗೆ ನಿಜಕ್ಕೂ ನೋವಾಗುವ ವಿಷಯ, ಅಲ್ಲೇ ಗೈಡ್ ಹತ್ತಿರ ಹೇಳಿಯೂ ಬಂದೆ. ಅವರೂ ಒಪ್ಪಿದರು.

ಇಪ್ಪತ್ತೇ ವರ್ಷಕ್ಕೆ ಅಂತ ಅನುಮತಿ ಪಡೆದ ಟವರ್ ಇದು. ರೇಡಿಯೋ ಕೆಲಸಕ್ಕೆ ಉಪಯೋಗ ಬಂದದ್ದರಿಂದ ಉಳಿಯಿತು. ಕಬ್ಬಿಣ ತುಕ್ಕು ಹಿಡಿಯದಂತೆ ಸುಮಾರು ಏಳು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ, ಒಂದು ಸಲಕ್ಕೆ 60 ಟನ್ ಬಣ್ಣ ಬೇಕು.

ಕೊನೆಗೆ ಬಾರ್ಸಿಲೋನಾದ ಸಗ್ರಾಡಾ ಫ್ಯಾಮಿಲಿಯಾ. ಬೇರೆಡೆ ಕಟ್ಟಿದ್ದು ಹೇಗೆ ಅಂತ ಸಾಕ್ಷಿ ಹುಡುಕಬೇಕು, ಇಲ್ಲಿ ಕೆಲಸವನ್ನೇ ಕಣ್ಣಾರೆ ನೋಡಿದೆವು. 1882ರಲ್ಲಿ ಶುರುವಾದ ಚರ್ಚ್ ಇದು. ಮರುವರ್ಷ ಆಂಟೋನಿ ಗೌಡಿ ಕೈಗೆತ್ತಿಕೊಂಡರು, 1926ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ನಾವು ಹೋದಾಗ ಕ್ರೇನ್‌ಗಳು ತಿರುಗುತ್ತಿದ್ದವು. ನಾವು ಕೊಟ್ಟ ಟಿಕೆಟ್ ದುಡ್ಡೂ ಆ ಕೆಲಸಕ್ಕೇ ಹೋಗುತ್ತದೆ ಅಂತ ಗೈಡ್ ಹೇಳಿದಾಗ ಒಂಥರಾ ಸಂತೋಷವಾಯಿತು.

ಒಳಗೆ ಕಂಬಗಳು ಮರದಂತೆ ಮೇಲೆ ಹೋಗಿ ಕವಲೊಡೆಯುತ್ತವೆ. ಅವುಗಳ ಬಣ್ಣ ಯಾಕೆ ಬೇರೆ ಬೇರೆ ಅಂತ ಅಕ್ಕ ಕೇಳಿದಳು. ಕಲ್ಲೇ ಬೇರೆ ಅಂತೆ. ಹೆಚ್ಚು ಭಾರ ಹೊರುವ ಕಡೆ ಕೆಂಪು ಪೋರ್ಫಿರಿ, ಆಮೇಲೆ ಬಸಾಲ್ಟ್, ಗ್ರಾನೈಟ್, ಕಡಿಮೆ ಭಾರದ ಕಡೆ ಮರಳುಕಲ್ಲು. ಅಷ್ಟು ತಿಳಿದ ಮೇಲೆ ಬಣ್ಣ ನೋಡಿಯೇ ಮೇಲಿನ ಭಾರ ಎಲ್ಲಿ ಇಳಿಯುತ್ತಿದೆ ಅಂತ ನಾವೇ ಹೇಳಬಹುದಿತ್ತು. ಕೆಳಗಿನ ಮ್ಯೂಸಿಯಂನಲ್ಲಿ ದಾರಗಳನ್ನು ಇಳಿಬಿಟ್ಟು ಪುಟ್ಟ ಪುಟ್ಟ ತೂಕದ ಚೀಲ ಕಟ್ಟಿದ ಒಂದು ಮಾದರಿ ಇದೆ. ಗೌಡಿ ಬೇರೊಂದು ಚರ್ಚ್‌ಗೆ ಈ ಬಗೆಯಲ್ಲಿ ಲೆಕ್ಕ ಹಾಕಿದ್ದರು. ತೂಗುವ ದಾರ ತಾನಾಗಿ ಪಡೆಯುವ ಬಾಗನ್ನು ತಲೆಕೆಳಗು ಮಾಡಿದರೆ ಭಾರ ಹೊರುವ ಕಮಾನಿನ ಆಕಾರ ಸಿಗುತ್ತದೆ. ಮಾದರಿಯ ಕೆಳಗೆ ಕನ್ನಡಿ ಇಟ್ಟಿದ್ದಾರೆ, ಬಗ್ಗಿ ನೋಡಿದರೆ ಕಟ್ಟಡ ನೆಟ್ಟಗೆ ನಿಂತಂತೆ ಕಾಣುತ್ತದೆ. ನಾನು ಅಲ್ಲಿಂದ ಏಳಲು ಬಹಳ ಹೊತ್ತು ತೆಗೆದುಕೊಂಡೆ. ಗುಂಪಿನವರು ಮುಂದೆ ಹೋದರೂ ಗೈಡ್ ನನಗಾಗಿ ನಿಂತರು.

ಗೋಪುರಕ್ಕೆ ಬೇರೆ ಸ್ಲಾಟ್ ಬುಕ್ ಮಾಡಬೇಕು, ಅಲ್ಲಿಗೆ ಗೈಡ್ ಬರುವುದಿಲ್ಲ. ಹೋಗುವುದು ಲಿಫ್ಟಲ್ಲಿ, ಇಳಿಯುವುದು ಕಿರಿದಾದ ಸುರುಳಿ ಮೆಟ್ಟಿಲಲ್ಲಿ. ಮಂಡಿ ನೋವಿನವರು ಯೋಚಿಸಿ ಹೋಗಿ. ಬುಕ್ ಮಾಡುವಾಗ ನೇಟಿವಿಟಿ (ಯೇಸುವಿನ ಜನನದ ಕೆತ್ತನೆ) ಕಡೆಯ ಗೋಪುರ ಬೇಕೋ ಪ್ಯಾಶನ್ (ಯೇಸುವಿನ ಯಾತನೆಯ ಕೆತ್ತನೆ) ಕಡೆಯದ್ದು ಬೇಕೋ ಅಂತ ಕೇಳುತ್ತದೆ. ನಾವು ನೇಟಿವಿಟಿ ಆರಿಸಿಕೊಂಡೆವು. ಗೌಡಿ ಬದುಕಿದ್ದಾಗ ಬಹುಮಟ್ಟಿಗೆ ಅವರ ಕಣ್ಣೆದುರೇ ಎದ್ದ ಭಾಗ ಅದು.